ಹೊಸ ಹುಡುಗರು ಯೂನಿಯನ್ ಕಡೆ ಬರ್ತಿಲ್ಲ, ಏನು ಮಾಡೋದು?

ಪ್ರಶ್ನೆ: ನಾನು ಒಂದು ಕಾರ್ಖಾನೆಯ ಕಾರ್ಮಿಕ ಸಂಘದ ಕಾರ್ಯದರ್ಶಿ. ಸಂಘಕ್ಕೆ 30 ವರ್ಷ ತುಂಬಿತು. ಸದಸ್ಯರಲ್ಲಿ ಹೆಚ್ಚಿನವರು ಇನ್ನು ಆರೇಳು ವರ್ಷದಲ್ಲಿ ನಿವೃತ್ತರಾಗುತ್ತಾರೆ. ಹೊಸದಾಗಿ ಕೆಲಸಕ್ಕೆ ಬಂದ ಹುಡುಗ ಹುಡುಗಿಯರು ಸಂಘದ ಕಡೆ ತಲೆ ಹಾಕಿಯೂ ಮಲಗುವುದಿಲ್ಲ. ಯುವ ಘಟಕ ಮಾಡಿದೆವು. 44 ವರ್ಷದ ಉತ್ಸಾಹಿ ಸಂಚಾಲಕರೊಬ್ಬರು ಅದನ್ನು ನೋಡಿಕೊಳ್ಳುತ್ತಾರೆ. ಆಟದ ಸ್ಪರ್ಧೆ ಇಟ್ಟೆವು, ಟೀ ಶರ್ಟ್ ಹಂಚಿದೆವು. ಟೀ ಶರ್ಟ್ ತಗೊಂಡರು, ಸಭೆಗೆ ಮಾತ್ರ ಬರಲಿಲ್ಲ. ಈಗಿನವರಿಗೆ ಮೊಬೈಲ್ ಬಿಟ್ಟರೆ ಬೇರೇನೂ ಬೇಡ. ಕಳೆದ ಒಪ್ಪಂದದಲ್ಲಿ ಹೊಸಬರಿಗೆ ಬೇರೆ ವೇತನ ಶ್ರೇಣಿಗೆ ಒಪ್ಪಬೇಕಾಯಿತು, ಆಗ ಅದು ಅನಿವಾರ್ಯವಾಗಿತ್ತು. ಅದು ಬಿಟ್ಟರೆ ಅವರಿಗೆ ನಮ್ಮಿಂದ ಯಾವ ಅನ್ಯಾಯವೂ ಆಗಿಲ್ಲ. ಅವರನ್ನು ಸಂಘಕ್ಕೆ ತರುವುದು ಹೇಗೆ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎರಡನೇ ಸಲ "ಅದು ಬಿಟ್ಟರೆ" ಅನ್ನುವ ಮಾತಿನ ಹತ್ತಿರ ಬಂದು ನಿಂತುಬಿಟ್ಟೆ. ಬೇಜಾರು ಮಾಡಿಕೊಳ್ಳಬೇಡಿ ಸಂಗಾತಿ, ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲೇ ಇದೆ.

ನಿಮ್ಮ ಪಕ್ಕದ ಯಂತ್ರದಲ್ಲಿ ನಿಂತಿರುವ ಹುಡುಗನ ಜಾಗದಲ್ಲಿ ಒಂದು ಕ್ಷಣ ನಿಂತು ನೋಡಿ. ಇಬ್ಬರದ್ದೂ ಒಂದೇ ಶಿಫ್ಟು, ಒಂದೇ ಟಾರ್ಗೆಟ್ಟು. ತಿಂಗಳ ಕೊನೆಗೆ ಅವನ ಪೇ ಸ್ಲಿಪ್ಪಿನಲ್ಲಿ ಕಡಿಮೆ, ನಿಮ್ಮದರಲ್ಲಿ ಜಾಸ್ತಿ. ಯಾಕೆ ಅಂತ ಕೇಳಿದರೆ ಹೆಚ್‌ಆರ್‌ನವರು ಒಂದು ಕಾಗದ ತೋರಿಸುತ್ತಾರೆ. ಅದರ ಕೆಳಗೆ ಮ್ಯಾನೇಜ್‌ಮೆಂಟಿನ ಸಹಿಯೂ ಇದೆ, ನಿಮ್ಮ ಸಂಘದ ಸಹಿಯೂ ಇದೆ. ಅವನು ಕೆಲಸಕ್ಕೆ ಸೇರುವ ಮೊದಲೇ ನೀವು ಅವನ ಪರವಾಗಿ ಮಾತಾಡಿ ಮುಗಿಸಿದ್ದೀರಿ. ಈಗ ಅದೇ ಸಂಘ ಚಂದಾ ಕೇಳುತ್ತಿದೆ. ಅವನು ಟೀ ಶರ್ಟ್ ತಗೊಂಡು ಸುಮ್ನೆ ಹೋಗಿದ್ದೇ ದೊಡ್ಡದು.

ಇದು ನಿಮ್ಮೊಬ್ಬರ ತಪ್ಪಲ್ಲ. ಎಷ್ಟೋ ದೊಡ್ಡ ಸಂಘಗಳು ಇದೇ ಗುಂಡಿಗೆ ಬಿದ್ದಿವೆ. ಅಮೆರಿಕದ ಕಾರು ಕಾರ್ಮಿಕರ ಸಂಘ ಯುಎಡಬ್ಲ್ಯುವನ್ನೇ ನೋಡಿ. 2007ರಲ್ಲಿ ಡೆಟ್ರಾಯಿಟ್‌ನ ಮೂರು ದೊಡ್ಡ ಕಂಪನಿಗಳ ಜೊತೆ ಅದು ಎರಡು ಅಂತಸ್ತಿನ ವೇತನಕ್ಕೆ ಒಪ್ಪಿತು. ಹಳಬರಿಗೆ ಗಂಟೆಗೆ ಸುಮಾರು 28 ಡಾಲರ್, ಹೊಸಬರಿಗೆ ಹೆಚ್ಚುಕಡಿಮೆ ಅದರ ಅರ್ಧ. ಕಂಪನಿಗಳು ಮುಳುಗುತ್ತಿವೆ, ಬೇರೆ ದಾರಿ ಇಲ್ಲ ಅನ್ನುವುದು ಆಗಿನ ಸಮಜಾಯಿಷಿ. ಅದರಲ್ಲಿ ನಿಜವೂ ಇತ್ತು. ಆದರೆ ಆ ಬಿರುಕು ಮುಂದೆ ಒಂದೂವರೆ ದಶಕ ಸಂಘವನ್ನು ಒಳಗಿಂದಲೇ ತಿಂದಿತು. 2023ರ ಸೆಪ್ಟೆಂಬರ್ 15ಕ್ಕೆ ಮೂರೂ ಕಂಪನಿಗಳ ವಿರುದ್ಧ ಒಟ್ಟಿಗೆ ಮುಷ್ಕರ ಶುರುವಾದಾಗ, ಈ ಅಂತಸ್ತುಗಳನ್ನು ತೆಗೆಯಬೇಕು ಅನ್ನುವುದು ಬೇಡಿಕೆಗಳಲ್ಲಿ ಮುಂದೆ ಇತ್ತು. ಸುಮಾರು ಆರು ವಾರದ ನಂತರ ಬಂದ ಒಪ್ಪಂದದಲ್ಲಿ ಹೊಸಬರು ಪೂರ್ತಿ ಸಂಬಳ ಮುಟ್ಟುವ ಅವಧಿ 8 ವರ್ಷದಿಂದ 3 ವರ್ಷಕ್ಕೆ ಇಳಿಯಿತು. ಕೆಲವು ಕೆಳ ಶ್ರೇಣಿಗಳೇ ಹೋದವು. ಎಲ್ಲವೂ ಸರಿಹೋಗಲಿಲ್ಲ. ಪಿಂಚಣಿಯ ತಾರತಮ್ಯ ಹಾಗೇ ಉಳಿಯಿತು. ಆದರೂ ಸಂಘ ತಾನೇ ಸಹಿ ಹಾಕಿದ್ದನ್ನು ತಾನೇ ಬೀದಿಗಿಳಿದು ತೆಗೆಸಲು ಹೋಯಿತು ಅನ್ನುವುದನ್ನು ಹೊಸಬರು ಕಣ್ಣಾರೆ ನೋಡಿದರು.

ನೀವೂ ಮೊದಲು ಮಾಡಬೇಕಾದ್ದು ಇದೇ. ಮುಂದಿನ ಬೇಡಿಕೆ ಪಟ್ಟಿಯಲ್ಲಿ ವೇತನ ಶ್ರೇಣಿ ಒಂದುಮಾಡುವುದು ಎಷ್ಟನೇ ಸಾಲಿನಲ್ಲಿದೆ, ನೋಡಿಕೊಳ್ಳಿ. ನನ್ನ ಅನುಭವದಲ್ಲಿ ಹೊಸಬರ ವಿಷಯಗಳು ಪಟ್ಟಿಯ ಕೊನೆಗೆ ಇರುತ್ತವೆ. ಸಂಧಾನದ ಮೇಜಿನ ಮೇಲೆ ಮೊದಲು ಬಿಟ್ಟುಕೊಡುವುದೂ ಆ ಕೊನೆಯ ಸಾಲುಗಳನ್ನೇ. ಇದು ನಿಮಗೂ ಗೊತ್ತು, ಮ್ಯಾನೇಜ್‌ಮೆಂಟಿಗೂ ಗೊತ್ತು. ಹುಡುಗರಿಗೆ ಗೊತ್ತಿಲ್ಲ ಅಂದುಕೊಳ್ಳಬೇಡಿ. ಅದನ್ನು ಮೊದಲ ಮೂರರೊಳಗೆ ತನ್ನಿ. ಜೊತೆಗೆ ಗೇಟ್ ಮೀಟಿಂಗಿನಲ್ಲಿ ಬಾಯಿಬಿಟ್ಟು ಹೇಳಿ: ಹೋದ ಸಲ ಒಪ್ಪಿದ್ದು ತಪ್ಪಾಯಿತು, ಈ ಸಲ ತಿದ್ದುತ್ತೇವೆ. "ಅನಿವಾರ್ಯವಾಗಿತ್ತು" ಅನ್ನುವ ಪದ ಅಲ್ಲಿ ಬರಲೇಬಾರದು. ಹಿರಿಯ ಸದಸ್ಯರಲ್ಲಿ ಕೆಲವರು ಗೊಣಗುತ್ತಾರೆ, ಗೊಣಗಲಿ. ಹೊಸಬರು ಅಗ್ಗಕ್ಕೆ ಸಿಗುವ ತನಕ ಹಳಬರ ಕೆಲಸವೂ ಭದ್ರವಲ್ಲ ಅಂತ ಅವರಿಗೆ ಬಿಡಿಸಿ ಹೇಳುವ ಕೆಲಸ ನಿಮ್ಮದು.

ಇನ್ನು ಮೊಬೈಲ್ ಮಾತು. ಈಗಿನವರಿಗೆ ಯೂನಿಯನ್ ಅಂದರೆ ಆಗುವುದಿಲ್ಲ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಅಮೆರಿಕದ್ದೇ ಲೆಕ್ಕ ಹೇಳುತ್ತೇನೆ, ಯಾಕೆಂದರೆ ಅಲ್ಲಿ ಸರ್ಕಾರ ಇದನ್ನು ಪ್ರತಿ ವರ್ಷ ವಯಸ್ಸಿನ ಪ್ರಕಾರ ಎಣಿಸುತ್ತದೆ. 2023ರಲ್ಲಿ ಒಟ್ಟು ನೌಕರರಲ್ಲಿ ಶೇ. 10ರಷ್ಟು ಮಂದಿ ಸಂಘದ ಸದಸ್ಯರು. 16ರಿಂದ 24 ವರ್ಷದವರಲ್ಲಿ ಶೇ. 4.4 ಮಾತ್ರ. ಆದರೆ ಅದರ ಹಿಂದಿನ ವರ್ಷ, 2022ರಲ್ಲಿ, ಜನಾಭಿಪ್ರಾಯ ಸಮೀಕ್ಷೆ ಮಾಡುವ ಗ್ಯಾಲಪ್ ಸಂಸ್ಥೆ ಕೇಳಿದಾಗ ಶೇ. 71ರಷ್ಟು ಜನ ಸಂಘಗಳು ಒಳ್ಳೆಯವು ಅಂದಿದ್ದರು. 1965ರ ನಂತರ ಅಷ್ಟು ಒಲವು ಕಂಡಿರಲೇ ಇಲ್ಲ. ಒಲವು ಇದೆ, ಸದಸ್ಯತ್ವ ಇಲ್ಲ. ಮಧ್ಯದಲ್ಲಿ ಏನೋ ಅಡ್ಡ ನಿಂತಿದೆ, ಅಲ್ವಾ?

ಅಡ್ಡ ನಿಂತಿರುವುದು ಕೆಲಸದ ರೀತಿ. ಹರೆಯದವರು ಜಾಸ್ತಿ ಇರುವುದು ಅಂಗಡಿ, ಹೋಟೆಲ್, ಗೋದಾಮು, ಡೆಲಿವರಿ ಇಂಥ ಕಡೆ. ಅಲ್ಲಿ ಸಂಘವೇ ಇರುವುದಿಲ್ಲ. ಸಂಘ ಇರುವ ಕಡೆ ಅವರು ಟ್ರೈನಿ, ಅಪ್ರೆಂಟಿಸ್, ಗುತ್ತಿಗೆ. ಆರು ತಿಂಗಳು ಇಲ್ಲಿ, ಎಂಟು ತಿಂಗಳು ಇನ್ನೊಂದು ಕಡೆ. ಅಷ್ಟರಲ್ಲಿ ನಿಮ್ಮ ಸಂಘದ ಕಚೇರಿ ಯಾವ ಮೂಲೆಯಲ್ಲಿದೆ ಅನ್ನುವುದೂ ತಿಳಿದಿರುವುದಿಲ್ಲ. ಇನ್ನೊಂದು ಮಾತು. ಇಷ್ಟು ವರ್ಷ ತರಬೇತಿ ಶಿಬಿರಗಳಲ್ಲಿ ನಾನು ಹೊಸಬರನ್ನು ಕೇಳುತ್ತಾ ಬಂದಿದ್ದೇನೆ, ನೀವು ಯಾಕೆ ಸೇರಲಿಲ್ಲ ಅಂತ. ಅತಿ ಹೆಚ್ಚು ಸಲ ಸಿಕ್ಕ ಉತ್ತರ: "ಯಾರೂ ಕರೀಲಿಲ್ಲ."

ಹಾಗಾಗಿ ನಿಮ್ಮ ಬೈಲಾ, ಅಂದರೆ ಸಂಘದ ನಿಯಮಾವಳಿ, ಒಮ್ಮೆ ತೆರೆದು ನೋಡಿ. ಕಾಯಂ ನೌಕರರು ಮಾತ್ರ ಸದಸ್ಯರಾಗಬಹುದು ಅಂತ ಅದರಲ್ಲಿ ಇದೆಯಾ? ಇದ್ದರೆ ಬೇರೆ ಮಾತೆಲ್ಲ ಆಮೇಲೆ, ಮೊದಲು ಅದನ್ನು ತಿದ್ದಿ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1948ರ 87ನೇ ಒಡಂಬಡಿಕೆ ಯಾವ ಭೇದವೂ ಇಲ್ಲದೆ ಕಾರ್ಮಿಕರಿಗೆ ಸಂಘ ಕಟ್ಟುವ, ಸೇರುವ ಹಕ್ಕು ಇದೆ ಅನ್ನುತ್ತದೆ. ಎಲ್ಲ ದೇಶಗಳೂ ಅದಕ್ಕೆ ಸಹಿ ಹಾಕಿಲ್ಲ, ಕಾನೂನು ಒಂದೊಂದು ಕಡೆ ಒಂದೊಂದು ಥರ. ಆದರೆ ಮಾಲೀಕರು ಹಾಕದ ಬೇಲಿಯನ್ನು ನಾವೇ ಯಾಕೆ ಹಾಕಿಕೊಳ್ಳಬೇಕು?

ದಕ್ಷಿಣ ಕೊರಿಯಾದ ಹುಡುಗರು ಈ ಬೇಲಿಯನ್ನು ಪೂರ್ತಿ ಬಿಟ್ಟುಬಿಟ್ಟರು. 2010ರಲ್ಲಿ ಅಲ್ಲಿ ಯುವಜನರದ್ದೇ ಒಂದು ಸಂಘ ಹುಟ್ಟಿತು. 15ರಿಂದ 39 ವರ್ಷದ ಯಾರು ಬೇಕಾದರೂ ಸೇರಬಹುದು. ಯಾವ ಕಂಪನಿ, ಯಾವ ಕೆಲಸ ಅಂತ ಕೇಳುವುದಿಲ್ಲ. ಕೆಲಸ ಹುಡುಕುತ್ತಿರುವವರೂ ಸದಸ್ಯರೇ. ಸದಸ್ಯತ್ವ ಅಂಟಿಕೊಂಡಿರುವುದು ಮನುಷ್ಯನಿಗೆ, ಗೇಟಿಗಲ್ಲ. ಅವರು ಮೊದಲು ಹಿಡಿದ ವಿಷಯಗಳಲ್ಲಿ ಒಂದು 30 ನಿಮಿಷದೊಳಗೆ ಪಿಜ್ಜಾ ತಲುಪಿಸುವ ಗ್ಯಾರಂಟಿ. ಆ ಅವಸರದಲ್ಲಿ ಬೈಕ್ ಓಡಿಸುವ ಹುಡುಗರು ಅಪಘಾತಕ್ಕೆ ಸಿಗುತ್ತಿದ್ದರು. ಗ್ಯಾರಂಟಿ 2011ರಲ್ಲಿ ಹೋಯಿತು. ಇದು ಯಾವ ಹಿರಿಯ ನಾಯಕರ ಬೇಡಿಕೆ ಪಟ್ಟಿಯಲ್ಲೂ ಇದ್ದ ವಿಷಯವಲ್ಲ. ಬೈಕ್ ಮೇಲೆ ಕೂತವರಿಗೆ ಮಾತ್ರ ಕಾಣುವ ವಿಷಯ.

ಈಗ ನಾನೇ ನೋಡಿದ ಒಂದು ಸಭೆ ಹೇಳುತ್ತೇನೆ. ಒಂದು ಸಂಘದ ವಾರ್ಷಿಕ ಸರ್ವಸದಸ್ಯರ ಸಭೆ. ನಾನು ಅತಿಥಿ, ಹಿಂದಿನ ಸಾಲಿನಲ್ಲಿ ಕೂತಿದ್ದೆ. ಕಾರ್ಯಸೂಚಿಯಲ್ಲಿ ಹನ್ನೊಂದು ವಿಷಯ. ಸ್ವಾಗತ, ವರದಿ, ಲೆಕ್ಕಪತ್ರ ಮುಗಿದಿದ್ದವಷ್ಟೆ. ಹೊಸದಾಗಿ ಸೇರಿದ್ದ ಒಬ್ಬ ಹುಡುಗಿ ಎದ್ದು ನಿಂತಳು. "ಸರ್, ನಾಳೆಯ ಶಿಫ್ಟ್ ಯಾವುದು ಅಂತ ಹಿಂದಿನ ದಿನ ರಾತ್ರಿ ಹತ್ತು ಗಂಟೆಗೆ ಮೆಸೇಜ್ ಬರುತ್ತೆ. ಅದನ್ನು ಸ್ವಲ್ಪ ಮೊದಲೇ..." ಅಧ್ಯಕ್ಷರು ನಕ್ಕು, ಬಹಳ ಪ್ರೀತಿಯಿಂದಲೇ, "ಕೂತ್ಕೊಳಮ್ಮಾ, ಅದನ್ನ ಇತರೆ ವಿಷಯಗಳಲ್ಲಿ ತಗೊಳ್ಳೋಣ" ಅಂದರು. ಇತರೆ ವಿಷಯಗಳು ಹನ್ನೊಂದನೆಯದು. ಅಲ್ಲಿಗೆ ತಲುಪುವಾಗ ಎರಡೂವರೆ ಗಂಟೆ ಕಳೆದಿತ್ತು, ಅವಳ ಬಸ್ಸು ಹೊರಟಿತ್ತು, ಅವಳೂ ಹೊರಟಿದ್ದಳು. ಆಮೇಲೆ ನಡಾವಳಿ ಪುಸ್ತಕ ನೋಡಿದೆ. "ಸಭೆಯಲ್ಲಿ ಯುವ ಸದಸ್ಯೆಯೊಬ್ಬರು ಭಾಗವಹಿಸಿದ್ದು ಸಂತಸದ ಸಂಗತಿ" ಅಂತ ಬರೆದಿತ್ತು. ಅವಳು ಕೇಳಿದ್ದು ಏನು ಅನ್ನುವುದು ಬರೆದಿರಲಿಲ್ಲ.

ಅವಳು ಮತ್ತೆ ಬರಲಿಲ್ಲ. ಅವಳಿಗೆ ಆಸಕ್ತಿ ಇಲ್ಲ ಅಂತ ಅಧ್ಯಕ್ಷರು ಇವತ್ತಿಗೂ ಹೇಳುತ್ತಾರೆ.

ಹಿರಿಯರ ಭಾಷಣ, ಕಿರಿಯರ ತಾಳ್ಮೆ, ಇದು ಹಳೇ ಕಥೆ. 1909ರ ನವೆಂಬರ್ 22. ನ್ಯೂಯಾರ್ಕಿನ ಕೂಪರ್ ಯೂನಿಯನ್ ಸಭಾಂಗಣ. ಬಟ್ಟೆ ಹೊಲಿಯುವ ಸಾವಿರಾರು ಮಂದಿ ಸೇರಿದ್ದರು. ಅವರಲ್ಲಿ ಹೆಚ್ಚಿನವರು ಹರೆಯದ ಹುಡುಗಿಯರು. ವೇದಿಕೆಯ ಮೇಲೆ ದೊಡ್ಡವರು ಒಬ್ಬರಾದ ಮೇಲೆ ಒಬ್ಬರು ಎರಡು ಗಂಟೆ ಹೊತ್ತು ಮಾತಾಡಿದರು. ಎಚ್ಚರಿಕೆ ಇರಲಿ, ಯೋಚಿಸಿ ಹೆಜ್ಜೆ ಇಡಿ, ಹೀಗೆ. ಕ್ಲಾರಾ ಲೆಮ್ಲಿಚ್ ಅನ್ನುವ 23 ವರ್ಷದ ಹೊಲಿಗೆಯವಳು ಮಾತಾಡಲು ಅವಕಾಶ ಕೇಳಿ ವೇದಿಕೆ ಹತ್ತಿದಳು. ಈ ಮಾತುಗಳನ್ನು ಕೇಳುವ ತಾಳ್ಮೆ ನನಗಿಲ್ಲ, ಎಲ್ಲರೂ ಮುಷ್ಕರಕ್ಕೆ ಹೋಗೋಣ ಅಂತ ಯಹೂದಿ ವಲಸಿಗರ ಮನೆಮಾತಾದ ಯಿದ್ದಿಶ್ ಭಾಷೆಯಲ್ಲಿ ಹೇಳಿದಳು. ಅಷ್ಟೇ. ಸುಮಾರು 20,000 ಮಂದಿ ಕೆಲಸ ಬಿಟ್ಟು ಹೊರಬಂದರು. 1910ರ ಫೆಬ್ರುವರಿಗೆ ಮುಷ್ಕರ ಮುಗಿಯುವಾಗ ಹೆಚ್ಚಿನ ಕಾರ್ಖಾನೆಗಳು ಸಂಘದ ಜೊತೆ ಒಪ್ಪಂದಕ್ಕೆ ಬಂದಿದ್ದವು. ಒಪ್ಪದ ಕಾರ್ಖಾನೆಗಳಲ್ಲಿ ಒಂದು ಟ್ರಯಾಂಗಲ್. ಮರುವರ್ಷ, 1911ರ ಮಾರ್ಚ್ 25ರಂದು, ಅಲ್ಲಿ ಬೆಂಕಿ ಬಿತ್ತು. ಒಂದು ಬಾಗಿಲಿಗೆ ಬೀಗ ಹಾಕಿತ್ತು. 146 ಜನ ಸತ್ತರು.

ಆ ಸಭೆಯಲ್ಲೂ ಯಾರಾದರೂ "ಇತರೆ ವಿಷಯಗಳಲ್ಲಿ ತಗೊಳ್ಳೋಣ ಕೂತ್ಕೊಳಮ್ಮಾ" ಅಂದಿದ್ದರೆ? ನನಗೆ ಆಗಾಗ ಈ ಯೋಚನೆ ಬರುತ್ತದೆ.

ಸರಿ, ನಿಮ್ಮ ಕಾರ್ಖಾನೆಗೆ ಬರೋಣ. ಹೊಸಬರ ಹತ್ತಿರ ಹೋಗುವಾಗ ಸದಸ್ಯತ್ವದ ರಸೀದಿ ಪುಸ್ತಕವನ್ನು ಕಚೇರಿಯಲ್ಲೇ ಬಿಟ್ಟು ಹೋಗಿ. ಕರಪತ್ರವೂ ಬೇಡ. ಒಬ್ಬೊಬ್ಬರ ಜೊತೆ ಕೂತು ಮಾತಾಡಿ, ಹದಿನೈದು ನಿಮಿಷ ಸಾಕು. ಅದರಲ್ಲಿ ಹತ್ತು ನಿಮಿಷ ನಿಮ್ಮ ಬಾಯಿ ಮುಚ್ಚಿರಬೇಕು. ಇದು ನಮ್ಮಂಥ ಭಾಷಣ ಮಾಡಿ ಅಭ್ಯಾಸ ಆದವರಿಗೆ ಬಹಳ ಕಷ್ಟ, ಗೊತ್ತು. ಕೇಳಬೇಕಾದ್ದು ಒಂದೇ: ಇಲ್ಲಿ ನಿನಗೆ ಅತಿ ಜಾಸ್ತಿ ಕಿರಿಕಿರಿ ಮಾಡುವುದು ಯಾವುದು? "ಸಂಬಳ" ಅನ್ನುವ ಉತ್ತರ ಮೊದಲು ಬರುತ್ತದೆ. ಸ್ವಲ್ಪ ಕಾಯಿರಿ, ಅದರ ಹಿಂದೆ ಇನ್ನೊಂದು ಬರುತ್ತದೆ.

ಒಂದು ಗೋದಾಮಿನಲ್ಲಿ ಹೀಗೆ ಹಿಂದೆ ಬಂದದ್ದು ತಪಾಸಣೆಯ ಸಾಲು. ಪಂಚ್ ಔಟ್ ಮಾಡಿದ ಮೇಲೆ ಹೊರಗೆ ಹೋಗಲು ಒಂದೇ ಗೇಟು. ಎಲ್ಲರ ಬ್ಯಾಗ್ ನೋಡಿ ಬಿಡುತ್ತಿದ್ದರು. ಆ ಸಮಯಕ್ಕೆ ಸಂಬಳ ಇಲ್ಲ. ಹಿರಿಯರ ಸಂಘ ಅದನ್ನು ಬೇಡಿಕೆ ಪಟ್ಟಿಯ 27ನೇ ಸಾಲಿನಲ್ಲಿ ವರ್ಷಗಟ್ಟಲೆ ಇಟ್ಟುಕೊಂಡಿತ್ತು. ಹನ್ನೊಂದು ಜನ ಹುಡುಗರು ಎರಡು ವಾರ ದಿನಾ ತಮ್ಮ ಮೊಬೈಲಿನ ಸ್ಟಾಪ್‌ವಾಚ್ ಒತ್ತಿ ಲೆಕ್ಕ ಬರೆದರು. ಹೌದು, ನೀವು ಬೈಯುವ ಅದೇ ಮೊಬೈಲು. ಒಬ್ಬೊಬ್ಬರದ್ದೂ ದಿನಕ್ಕೆ ಹದಿನೆಂಟು, ಇಪ್ಪತ್ತು ನಿಮಿಷ ಆಗುತ್ತಿತ್ತು. ಆ ಲೆಕ್ಕವನ್ನು ಒಂದೇ ಹಾಳೆಯಲ್ಲಿ ಬರೆದುಕೊಂಡು ಹನ್ನೊಂದು ಜನವೂ ಒಟ್ಟಿಗೆ ಮ್ಯಾನೇಜರ ಕ್ಯಾಬಿನ್ನಿಗೆ ಹೋದರು. ಸಂಘದ ಅಧ್ಯಕ್ಷರು ಬಾಗಿಲಲ್ಲಿ ನಿಂತಿದ್ದರು, ಬಾಯಿ ತೆರೆಯಲಿಲ್ಲ. ಅದಕ್ಕಾಗಿ ನಾನು ಅವರನ್ನು ಇವತ್ತಿಗೂ ಮೆಚ್ಚುತ್ತೇನೆ. ಮೂರು ವಾರದಲ್ಲಿ ಇನ್ನೊಂದು ಗೇಟು ತೆರೆಯಿತು. ಸಂಬಳದ ಮಾತು ಆಗ ಬಗೆಹರಿಯಲಿಲ್ಲ. ಆದರೆ ಮಾರನೇ ದಿನ ಆ ಹುಡುಗರಲ್ಲಿ ಒಬ್ಬ ಅಧ್ಯಕ್ಷರನ್ನು ಹುಡುಕಿಕೊಂಡು ಬಂದು "ಮುಂದೆ ಯಾವುದು ಸರ್?" ಅಂದ. ರಸೀದಿ ಪುಸ್ತಕ ತೆಗೆಯುವ ಹೊತ್ತು ಅದು.

ಚಿಕ್ಕ ವಿಷಯ ಅಂತ ಹಿರಿಯರು ಮೂಗು ಮುರಿಯಬಹುದು. ವಿಷಯ ಚಿಕ್ಕದಾಗಿದ್ದು ಗೆಲ್ಲುವಂತಿರಬೇಕು, ಮತ್ತೆ ಅದು ಅವರದ್ದೇ ಆಗಿರಬೇಕು. ಅಂಥ ವಿಷಯ ಬೆಳೆಯುವುದೂ ಉಂಟು. ನೆದರ್ಲೆಂಡ್ಸ್‌ನಲ್ಲಿ ಪೂರ್ತಿ ಕನಿಷ್ಠ ವೇತನ ಸಿಗಬೇಕಾದರೆ 23 ವರ್ಷ ತುಂಬಬೇಕಿತ್ತು. ಅದಕ್ಕಿಂತ ಚಿಕ್ಕವರಿಗೆ ವಯಸ್ಸು ನೋಡಿ ಕಡಿತ. ಅಲ್ಲಿನ ಎಫ್‌ಎನ್‌ವಿ ಸಂಘದ ಯುವಕರು ಇದೊಂದನ್ನೇ ಹಿಡಿದು ಕೂತರು. 2017ರಲ್ಲಿ ಆ ವಯಸ್ಸು 22ಕ್ಕೆ ಇಳಿಯಿತು, 2019ರಲ್ಲಿ 21ಕ್ಕೆ.

ಭಯದ ವಿಷಯ ನಿಮ್ಮ ಪತ್ರದಲ್ಲಿ ಇಲ್ಲವೇ ಇಲ್ಲ. ನೀವು ಕಾಯಂ ನೌಕರರು, ಪದಾಧಿಕಾರಿ. ನಿಮ್ಮನ್ನು ತೆಗೆಯುವುದು ಸುಲಭವಲ್ಲ. ಟ್ರೈನಿಯನ್ನು ತೆಗೆಯಬೇಕಾಗಿಯೂ ಇಲ್ಲ, ಅವಧಿ ಮುಗಿದ ದಿನ ಸುಮ್ಮನಿದ್ದರೆ ಆಯಿತು. ಜರ್ಮನಿಯಲ್ಲಿ ಇದಕ್ಕೆ ಕಾನೂನಿನಲ್ಲೇ ಒಂದು ದಾರಿ ಮಾಡಿದ್ದಾರೆ. ನೌಕರರೇ ಆರಿಸಿದ ಮಂಡಳಿ ಇರುವ ಕಡೆ, 18 ತುಂಬದವರು ಮತ್ತು ತರಬೇತಿಯಲ್ಲಿರುವವರು ಸೇರಿ ಕನಿಷ್ಠ ಐದು ಜನ ಇದ್ದರೆ, ಅವರು ತಮ್ಮದೇ ಪ್ರತಿನಿಧಿಗಳನ್ನು ಆರಿಸಬಹುದು. ಹಾಗೆ ಆಯ್ಕೆಯಾದ ಟ್ರೈನಿ ತರಬೇತಿ ಮುಗಿಯುವ ಹೊತ್ತಿಗೆ ಕೆಲಸ ಕೊಡಿ ಅಂತ ಬರೆದು ಕೇಳಿದರೆ ಕಂಪನಿ ಸುಮ್ಮನೆ ಕೈ ತೊಳೆದುಕೊಳ್ಳುವ ಹಾಗಿಲ್ಲ. ಬೇಡ ಅನ್ನಬೇಕಾದರೆ ಕೋರ್ಟಿಗೆ ಹೋಗಿ ಕಾರಣ ಕೊಡಬೇಕು.

ನಿಮ್ಮಲ್ಲಿ ಅಂಥ ಕಾನೂನು ಇಲ್ಲದಿದ್ದರೆ ಒಪ್ಪಂದದಲ್ಲೇ ಒಂದು ಸಾಲು ಸೇರಿಸಲು ಯತ್ನಿಸಿ. ಅದು ಆಗುವ ತನಕ ಯಾರನ್ನೂ ಒಬ್ಬರನ್ನೇ ಮುಂದೆ ನಿಲ್ಲಿಸಬೇಡಿ. ಹಳೇ ಕಾಲದ ಹಡಗಿನ ನಾವಿಕರು ಕ್ಯಾಪ್ಟನ್ನಿಗೆ ದೂರು ಕೊಡುವಾಗ ವೃತ್ತಾಕಾರವಾಗಿ ಸಹಿ ಹಾಕುತ್ತಿದ್ದರಂತೆ. ಮೊದಲು ಸಹಿ ಹಾಕಿದವರು ಯಾರು ಅಂತ ಗೊತ್ತಾಗಬಾರದು, ಅದಕ್ಕೆ. ಮನವಿ ಬರೆಸುವಾಗ ನಾನು ಈಗಲೂ ಇದನ್ನೇ ಮಾಡಿಸುತ್ತೇನೆ. ಕಾಯಂ ನೌಕರರ ಸಹಿಗಳೂ ಆ ವೃತ್ತದಲ್ಲಿ ಇರಬೇಕು, ಜಾಸ್ತಿಯೇ ಇರಬೇಕು. ಕಾನೂನಿನ ರಕ್ಷಣೆ ನಿಮ್ಮಲ್ಲಿ ಎಷ್ಟಿದೆ ಅನ್ನುವುದನ್ನು ಕಾರ್ಮಿಕ ವಕೀಲರೊಬ್ಬರ ಹತ್ತಿರ ಮೊದಲೇ ಕೇಳಿಕೊಳ್ಳಿ. ಗೊತ್ತಿಲ್ಲದೆ ಧೈರ್ಯ ತುಂಬಬೇಡಿ.

ವಾಟ್ಸ್ಆ್ಯಪ್, ಇನ್‌ಸ್ಟಾಗ್ರಾಮ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬೇಕು, ಆದರೆ ಅದು ನೋಟಿಸ್ ಬೋರ್ಡ್ ಇದ್ದ ಹಾಗೆ. ಜನ ಸೇರುವುದು ಮುಖ ನೋಡಿ. ನ್ಯೂಯಾರ್ಕಿನ ಸ್ಟೇಟನ್ ದ್ವೀಪದ ಅಮೆಜಾನ್ ಗೋದಾಮಿನಲ್ಲಿ ಸಂಘ ಕಟ್ಟಿದವರು ತಿಂಗಳುಗಟ್ಟಲೆ ಹೊರಗಿನ ಬಸ್ ನಿಲ್ದಾಣದ ಹತ್ತಿರ ಠಿಕಾಣಿ ಹೂಡಿದ್ದರು. ಶಿಫ್ಟ್ ಮುಗಿಸಿ ಬಸ್ಸಿಗೆ ಕಾಯುವವರಿಗೆ ಊಟ ಕೊಟ್ಟು ಮಾತಾಡಿಸುತ್ತಿದ್ದರು. 2022ರ ಏಪ್ರಿಲ್‌ನಲ್ಲಿ ಮತ ಎಣಿಸಿದಾಗ 2,654 ಪರ, 2,131 ವಿರುದ್ಧ. ಮತ ಗೆದ್ದರೂ ಕಂಪನಿಯನ್ನು ಒಪ್ಪಂದದ ಮೇಜಿಗೆ ತರುವುದು ಬೇರೆಯೇ ಯುದ್ಧ. ಅದು ವರ್ಷಗಟ್ಟಲೆ ಎಳೆಯುತ್ತದೆ, ಇದನ್ನೂ ಹುಡುಗರಿಗೆ ಮೊದಲೇ ಹೇಳಬೇಕು. ನಾರ್ವೆಯ ಕಾರ್ಮಿಕ ಸಂಘಗಳ ಒಕ್ಕೂಟ ಎಲ್‌ಒದವರು 1986ರಿಂದ ಪ್ರತಿ ಬೇಸಿಗೆಯಲ್ಲೂ ಬೀದಿಗಿಳಿಯುತ್ತಾರೆ. ರಜೆಯಲ್ಲಿ ಕೆಲಸ ಮಾಡುವ ಹುಡುಗರು ಇರುವ ಅಂಗಡಿ, ಹೋಟೆಲುಗಳಿಗೆ ತಾವೇ ಹೋಗಿ, ಒಪ್ಪಂದದ ಕಾಗದ ಕೊಟ್ಟಿದ್ದಾರಾ, ಓಟಿ ಕೊಡುತ್ತಾರಾ ಅಂತ ವಿಚಾರಿಸುತ್ತಾರೆ. ಆ ಹುಡುಗರು ಸದಸ್ಯರಲ್ಲ. ಆದರೂ ಹೋಗುತ್ತಾರೆ.

ಇನ್ನೊಂದು ಎಚ್ಚರಿಕೆ. ಹೊಸಬರು ಬಂದ ಕೂಡಲೇ ಬ್ಯಾನರ್ ಕಟ್ಟಲು, ಕುರ್ಚಿ ಜೋಡಿಸಲು, ಸಭೆಯ ಫೋಟೋ ಹಾಕಲು ಹಚ್ಚಬೇಡಿ. ಅವರನ್ನು ಸಂಧಾನದ ಕೋಣೆಯೊಳಗೆ ಕರೆದುಕೊಂಡು ಹೋಗಿ. ಮೊದಲ ಸಲ ಸುಮ್ಮನೆ ಕೂತು ಬರೆದುಕೊಳ್ಳಲಿ. ಮ್ಯಾನೇಜ್‌ಮೆಂಟ್ ಹೇಗೆ ಮಾತು ತಿರುಗಿಸುತ್ತದೆ, ನೀವು ಯಾವಾಗ ಎದ್ದು ಹೊರಗೆ ಬರುತ್ತೀರಿ, ಯಾವಾಗ ಬರುವುದಿಲ್ಲ, ಇದು ಯಾವ ಶಿಬಿರದಲ್ಲೂ ಸಿಗುವ ಪಾಠವಲ್ಲ. ನಿಮ್ಮ 30 ವರ್ಷದ ವಿದ್ಯೆ ಇರುವುದು ಅಲ್ಲಿ. ಕಾರ್ಯಕಾರಿ ಸಮಿತಿಯಲ್ಲಿ ಎರಡು ಸ್ಥಾನ ಅವರಿಗೆ ಬಿಡಿ, ಮತ ಹಾಕುವ ಹಕ್ಕಿನ ಸಮೇತ. ವಿಶೇಷ ಆಹ್ವಾನಿತರು ಅನ್ನುವ ಹೆಸರಿನಲ್ಲಿ ಬೇಡ. ಅವರು ತಪ್ಪು ಮಾಡುತ್ತಾರೆ. ನಾವು ಮಾಡಲಿಲ್ವಾ? ನಾನು ಬರೆದ ಮೊದಲ ಮುಷ್ಕರದ ನೋಟಿಸಿನಲ್ಲಿ ತಾರೀಕನ್ನೇ ತಪ್ಪು ಹಾಕಿದ್ದೆ. ಆಗಿನ ನಮ್ಮ ಕಾರ್ಯದರ್ಶಿ ಬೈಯದೆ ಇನ್ನೊಂದು ಹಾಳೆ ಕೊಟ್ಟರು.

ಈ ತಿಂಗಳು ಇಷ್ಟು ಮಾಡಿ: ಬೇಡಿಕೆ ಪಟ್ಟಿ ತಿದ್ದಿ, ಬೈಲಾ ನೋಡಿ, ಹತ್ತು ಜನ ಹೊಸಬರ ಜೊತೆ ಹದಿನೈದು ಹದಿನೈದು ನಿಮಿಷ ಕೂತುಕೊಳ್ಳಿ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದು ನನಗೆ ಕಳಿಸಿ. ಆಮೇಲೆ ಮುಂದಿನದು ಮಾತಾಡೋಣ.

ಅಂದ ಹಾಗೆ, ಆ 44 ವರ್ಷದ ಯುವ ಸಂಚಾಲಕರು ಒಳ್ಳೆಯವರೇ ಇರಬೇಕು. ಅವರಿಗೆ ಬೇರೆ ಯಾವುದಾದರೂ ಜವಾಬ್ದಾರಿ ಕೊಡಿ.